ಮೀನಿನ ನೀರೂ ನನ್ನ ಹುಳಿ ಕೈಯೂ

ಹಾಸನದ ಮಗನ ಮನೆಯಲ್ಲಿ, ಟೀವಿ ಪಕ್ಕದ ಮೇಜಿನ ಮೇಲೆ, ಈಗ ಗಾಜಿನ ಮೀನುಪೆಟ್ಟಿಗೆಯೊಂದು ಬಂದು ಕೂತಿದೆ. ತಂದವಳು ಮೊಮ್ಮಗಳು. ಮೀನು ಬಂದ ಸ್ವಲ್ಪ ದಿನಕ್ಕೆ ಮೀನಿನ ನೀರಿನ ಹುಳಿ ನೋಡುವ ಸಾಮಾನೂ ಬಂತು. ಒಂದು ಡಬ್ಬಿ ಬಣ್ಣ ತಿರುಗುವ ಕಾಗದದ ಪಟ್ಟಿ, ಒಂದು ಸೀಸೆ ಹನಿ ಹಾಕುವ ಔಷಧ, ಮತ್ತೆ ಗೆಳತಿಯ ಹತ್ತಿರ ಕೇಳಿ ತಂದ ಪೆನ್ನಿನಂಥ ಒಂದು ಮಿಷನ್ನು. ಮೂರನ್ನೂ ಸಾಲಾಗಿ ಇಟ್ಟುಕೊಂಡು, ಸೀರೆ ಅಂಗಡಿಯಲ್ಲಿ ಕೂತವಳ ಹಾಗೆ ಒಂದನ್ನು ಬಿಟ್ಟು ಒಂದನ್ನು ಎತ್ತಿ ನೋಡುತ್ತಿದ್ದಳು.

"ಅಜ್ಜಿ, ಇದ್ರಲ್ಲಿ ಯಾವ್ದು ಸರಿಯಾಗಿ ಹೇಳುತ್ತೆ ಅಂತೀಯ?" ಎಂದಳು, ತಮಾಷೆಗೆ. ಮೂರನೇ ಕ್ಲಾಸಿಗೆ ಓದು ಬಿಟ್ಟ ಅಜ್ಜಿಗೆ ಇದೆಲ್ಲ ಏನು ಗೊತ್ತಾದೀತು ಎಂಬ ಸಲಿಗೆ ಅವಳದು.

"ಯಾವ್ದಾದ್ರೂ ಇಟ್ಕೊ ಮಗಾ. ನೋಡೋ ನೀರ್ನ ಯಾವ್ದ್ರಲ್ಲಿ ತತ್ತೀಯ, ಮೊದ್ಲು ಅದ್ನ ಏಳು" ಎಂದೆ.

ಅವಳ ಕೈ ನಿಂತಿತು. "ಇದು ನಿಂಗೆ ಹೇಗೆ ಗೊತ್ತು?" ಎಂದು ಕೇಳಿದಳು.

ನನಗೆ ಹೇಗೆ ಗೊತ್ತು! ಆ ಒಂದು ಮಾತಿಗಾಗಿ ನನ್ನ ಅರ್ಧ ಆಯುಷ್ಯ ಹೋಗಿದೆ. ಅವಳಿಗೆ ಹೇಳಿದೆ. ಹೇಳಿದ ಮೇಲೆ ನಡೆದದ್ದರಿಂದ ಮನಸ್ಸಿಗೆ ಎಷ್ಟು ಹಿಗ್ಗಾಗಿದೆಯೆಂದರೆ, ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ. ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಹಿಗ್ಗಿನ ಕಡೆಯಿಂದ ಶುರು ಮಾಡುವ ಹಾಗಿಲ್ಲ. ಶುರುವೆಲ್ಲ ಕಹಿ.

ನನ್ನ ತವರು ಚನ್ನರಾಯಪಟ್ಟಣದ ಕಡೆ, ಬಾಗೂರಿಗೆ ಹತ್ತಿರ. ಎರಡನೇ ಮಹಾಯುದ್ಧ ಶುರುವಾಗಿ, ಸೀಮೆಎಣ್ಣೆಗೆ ಜನ ಡಬ್ಬ ಹಿಡಿದು ನಿಲ್ಲುತ್ತಿದ್ದ ಕಾಲದಲ್ಲಿ ನನ್ನನ್ನು ಹೊಳೆನರಸೀಪುರಕ್ಕೆ ಕೊಟ್ಟರು. ಮಾವನವರದು ಪೇಟೆಬೀದಿಯಲ್ಲಿ ತಾಮ್ರ ಹಿತ್ತಾಳೆ ಪಾತ್ರೆಯ ಅಂಗಡಿ. ಅಂಗಡಿಯ ಬೋರ್ಡಿಗಿಂತ ಮನೆಯ ಪಾತ್ರೆಗಳೇ ಅಂಗಡಿಗೆ ಬೋರ್ಡು ಎಂಬುದು ಅತ್ತೆಯವರ ನಂಬಿಕೆ. "ತಾಮ್ರದ ಯಾಪಾರ ಮಾಡೋರ ಮನೇಲಿ ಚೆಂಬು ಮಂಕಾಗಿದ್ರೆ, ಬಂದೋರು ಕೆಮ್ಕಂಡು ಪಕ್ಕದ್ ಅಂಗ್ಡಿಗೆ ಓಯ್ತಾರೆ" ಎನ್ನುತ್ತಿದ್ದರು. ಜಗಲಿಗೆ ಬಂದವರಿಗೆ ನೀರು ಕೊಡುವ ಚೆಂಬನ್ನು ಮುಖ ಕಾಣುವ ಹಾಗೆ ಬೆಳಗಿರಬೇಕು. ಸೋಮವಾರ ಬಂತೆಂದರೆ ಹಂಡೆ, ಕೊಡ, ಚೆಂಬು, ತಟ್ಟೆ ಎಲ್ಲ ಹಿತ್ತಲಿಗೆ ಬರಬೇಕು. ಹುಣಸೆಹಣ್ಣು ಹಾಕಿ ತಿಕ್ಕಿ, ಬೂದಿ ಹಾಕಿ ಉಜ್ಜಬೇಕು.

ನಾನು ಬರುವುದಕ್ಕೆ ಮುಂಚೆ ಆ ಕೆಲಸಕ್ಕೆ ಒಬ್ಬ ಹೆಂಗಸಿದ್ದಳು. ಅವಳು ಪಾತ್ರೆಗಳನ್ನೆಲ್ಲ ಮಂಕರಿಯಲ್ಲಿ ಹೊತ್ತು ಹೇಮಾವತಿಗೆ ಹೋಗಿ, ಹರಿಯುವ ನೀರಿನಲ್ಲಿ ಜಾಲಿಸಿ ತರುತ್ತಿದ್ದಳಂತೆ. ಸೊಸೆ ಮನೆ ತುಂಬಿದ ಮೇಲೆ ಅವಳನ್ನು ಬಿಡಿಸಿದರು. ಪೇಟೆಯವರ ಮನೆಯ ಸೊಸೆ ಮಂಕರಿ ಹೊತ್ತು ಹೊಳೆಗೆ ಹೋಗುವ ಹಾಗಿರಲಿಲ್ಲ. ಹಿತ್ತಲಲ್ಲೇ ತಿಕ್ಕಬೇಕು. ಅಲ್ಲಿಯ ಬಾವಿ ನಮಗೂ ಪಕ್ಕದ ಮನೆಯವರಿಗೂ ಸೇರಿದ್ದು. ಆ ನೀರು ಒಣಗಿದರೆ ತಾಮ್ರದ ಮೇಲೆ ಬಿಳಿ ಮಚ್ಚೆ ಕೂರುತ್ತಿತ್ತು. ಅದಕ್ಕೆ ಅತ್ತೆಯವರು ಒಂದು ಕಟ್ಟುಪಾಡು ಮಾಡಿದ್ದರು: ತಿಕ್ಕಿದ ಪಾತ್ರೆಯನ್ನು ನೀರು ತುಂಬಿದ ಬಾನಿಯಲ್ಲಿ ಒಂದು ಸಲ ಮುಳುಗಿಸಿ ಎತ್ತಬೇಕು, ಕೂಡಲೇ ಒಣಬಟ್ಟೆಯಲ್ಲಿ ಒರೆಸಬೇಕು.

"ಜಾಸ್ತಿ ನೀರ್ ಸೋಕುಸ್ಬ್ಯಾಡ ಕಣಮ್ಮಿ. ಕಾಂತಿ ಓಯ್ತದೆ."

ಹಾಗೇ ಮಾಡಿದೆ. ಹುಣಸೆಹಣ್ಣಿಗೆ ಬೆರಳ ಸಂದಿ ಬಿರಿದು ಉರಿಯುತ್ತಿತ್ತು. ಚೆಂಬಿನ ಕೊರಳೋ ಸಣ್ಣದು, ಒಳಗೆ ಕೈ ಹೋಗದು. ಹುಣಸೆಯ ನಾರನ್ನು ಕಡ್ಡಿಯಿಂದ ತುರುಕಿ ತಿರುಗಿಸುತ್ತಿದ್ದೆ. ಅದೇ ಬಾನಿ, ಅದೇ ನೀರು, ಒಂದರ ಮೇಲೊಂದು ಪಾತ್ರೆ. ಕಡೆಕಡೆಗೆ ಬಾನಿಯ ನೀರೇ ಸಾರಿನ ಬಣ್ಣಕ್ಕೆ ಬಂದಿರುತ್ತಿತ್ತು.

ಇನ್ನು ಮೀನಿನ ಮಾತು. ಹಾಸನದಲ್ಲಿ ಯಾರೋ ದೊರೆ ಊರು ಬಿಟ್ಟು ಹೋಗುವಾಗ ಬಂಗಲೆಯ ಸಾಮಾನು ಹರಾಜಾಯಿತಂತೆ. ಹಿತ್ತಾಳೆ ದೀಪದ ಕಂಬ ತರಲು ಹೋದ ಮಾವನವರು ಕಬ್ಬಿಣದ ಚೌಕಟ್ಟಿನ ಗಾಜಿನ ಪೆಟ್ಟಿಗೆ ಹೊತ್ತುಕೊಂಡು ಬಂದರು. ಆಮೇಲೆ ಮೈಸೂರಿಗೆ ಹೋಗಿ, ಮಡಕೆಯಲ್ಲಿ ಕೆಂಪು ಚಿನ್ನದ ಬಣ್ಣದ ಮೀನುಗಳನ್ನು ಹಾಕಿಸಿಕೊಂಡು, ಆ ಮಡಕೆಯನ್ನು ರೈಲಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದರಂತೆ. ನಮ್ಮದು ಲಿಂಗ ಕಟ್ಟುವ ಮನೆ. ಬೀದಿಯವರು ಬಿಡುತ್ತಾರೆಯೇ?

"ಏನ್ ಸಾವ್ಕಾರ್ರೇ, ಒಲೆ ಮ್ಯಾಕೆ ಯಾವಾಗ ಇಡ್ತೀರಿ?" ಎಂದು ಎದುರಂಗಡಿಯವರು ಕೂಗುತ್ತಿದ್ದರು.

"ಮೊದ್ಲು ನಿನ್ನ ಇಡ್ತೀನಿ ಬಾರಯ್ಯ. ಒಳ್ಳೆ ಕೊಬ್ಬದೆ ಮೈಯಾಗೆ" ಎಂದು ಮಾವನವರು ಇಲ್ಲಿಂದಲೇ ಉತ್ತರ ಕೊಡುತ್ತಿದ್ದರು.

ಆ ಮನುಷ್ಯ ಮಕ್ಕಳ ಮುಂದೆ ನಗುತ್ತಿರಲಿಲ್ಲ, ಗಿರಾಕಿಯ ಮುಂದಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಬಂದು ಆ ಗಾಜಿನ ಮುಂದೆ ಕೂತರೆ ಮಾತ್ರ ಮುಖ ಸಡಿಲವಾಗುತ್ತಿತ್ತು. ಹೊಸ ನೀರನ್ನು ಒಂದು ರಾತ್ರಿ ತುಂಬಿಟ್ಟು ಮಾರನೆಯ ದಿನ ಹಾಕಬೇಕು ಎಂದು ದೊರೆಯ ಬಟ್ಲರು ಹೇಳಿಕೊಟ್ಟಿದ್ದನಂತೆ. ನಮ್ಮ ಮನೆಯಲ್ಲಿ ನೀರು ತುಂಬಿಡುವುದೆಂದರೆ ತಾಮ್ರದ ಹಂಡೆಯಲ್ಲಿ.

ನಾನು ಬಂದ ಸ್ವಲ್ಪ ದಿನಕ್ಕೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ಆಮೇಲೆ ಇನ್ನೊಂದು. ಮಾವನವರು ಮತ್ತೆ ಮೈಸೂರಿಗೆ ಹೋಗಿ ತಂದರು, ಅವೂ ಹೋದವು.

"ಇವ್ಳು ಕಾಲಿಟ್ ಮ್ಯಾಲೆ" ಎಂದರು ಅತ್ತೆ.

ಸುಳ್ಳು ಎಂದು ಹೇಳುವ ಹಾಗಿರಲಿಲ್ಲ. ನಾನು ಕಾಲಿಟ್ಟ ಮೇಲೆಯೇ ಸಾಯತೊಡಗಿದ್ದು ನಿಜ. ಬೆನ್ನಹಿಂದೆಯೇ ಹಾಲು ಒಡೆಯತೊಡಗಿತು. ಕೊಟ್ಟಿಗೆಯಿಂದ ಎಮ್ಮೆಯ ಹಾಲನ್ನು ಚೆಂಬಿನಲ್ಲಿ ತಂದು ಒಲೆಯ ಮೇಲಿಟ್ಟರೆ, ಉಕ್ಕುವ ಬದಲು ಗಡ್ಡೆ ಗಡ್ಡೆ. ದಿನವೂ ಅಲ್ಲ. ಹಾಗಾಗಿದ್ದರೆ ಯಾರಾದರೂ ಯೋಚಿಸುತ್ತಿದ್ದರೇನೋ. ಯಾವಾಗಲೋ ಒಮ್ಮೆ, ಬಹಳ ಮಟ್ಟಿಗೆ ಪಾತ್ರೆ ಬೆಳಗಿದ ದಿನ. ಆದರೆ ಆಗ ಅದನ್ನು ಯಾರೂ ಜೋಡಿಸಿ ನೋಡಲಿಲ್ಲ, ನಾನೂ ನೋಡಲಿಲ್ಲ.

ನಮ್ಮ ಕಡೆ ಒಂದು ಮಾತಿದೆ. ಕೆಲವರ ಕೈ ಉಪ್ಪಿನಕಾಯಿಗೆ ಆಗುತ್ತದೆ, ಕೆಲವರ ಕೈ ಆಗುವುದಿಲ್ಲ ಎಂದು. ಆಗದ ಕೈಗೆ ಭರಣಿ ಮುಟ್ಟಿಸುವುದಿಲ್ಲ. ಅತ್ತೆಯವರು ನೆರೆಯ ಹೆಂಗಸರನ್ನು ಕರೆದು ಕೂರಿಸಿ, ಅವರ ಕಣ್ಣೆದುರಿಗೆ ನನ್ನ ಕೈಗೆ ಅಂದೇ ಬೆಳಗಿದ ಚೆಂಬು ಕೊಟ್ಟು, ಹಾಲು ತರಿಸಿ, ಒಲೆಗೆ ಇಡಿಸಿದರು. ಹಾಲು ಒಡೆಯಿತು.

"ನೋಡ್ರವ್ವ, ನಾನ್ ಏಳ್ಬ್ಯಾಡ, ಹಾಲೇ ಏಳ್ತದೆ. ಹುಳಿ ಕೈ ಇವ್ಳುದು" ಎಂದರು.

ಆ ಹೆಸರು ಅಂದು ಬಿತ್ತು. ಹೆಪ್ಪು ಹಾಕುವ ಹಾಗಿಲ್ಲ, ಉಪ್ಪಿನಕಾಯಿ ಭರಣಿಯ ಕಡೆ ಹೋಗುವ ಹಾಗಿಲ್ಲ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅರಕಲಗೂಡಿನಲ್ಲಿ ಅತ್ತೆಯವರ ತಮ್ಮನ ಮಗಳೊಬ್ಬಳು ಬೆಳೆದು ನಿಂತಿದ್ದಳು. ಮಗನಿಗೆ ಮೊದಲು ಅವಳನ್ನೇ ತರಬೇಕೆಂದಿದ್ದು ತಪ್ಪಿಹೋಗಿತ್ತು. ಈಗ ಅರಕಲಗೂಡಿನ ಗಾಡಿ ಬಂದು ಹೋಗುವುದು ಹೆಚ್ಚಾಯಿತು. ಒಂದು ದಿನ ಅಕ್ಕಿ ಆರಿಸುತ್ತಿದ್ದಾಗ, ನನಗೆ ಕೇಳಲೆಂದೇ ಅತ್ತೆಯವರು ತಮ್ಮನಿಗೆ ಹೇಳಿದರು: "ಕೈ ಕೆಟ್ಟೋಳ್ನ ಇಟ್ಕಂಡು ಮನೆ ಬೆಳ್ಯಾಕಿಲ್ಲ. ತವರಿಗೆ ಕಳುಸ್ಬುಟ್ಟು ಶಾಸ್ತ್ರವಾಗಿ ಇನ್ನೊಂದ್ ಮಾಡ್ಕಂಡ್ರೆ ಯಾರ್ ಕೇಳಾರು?"

ನನ್ನ ಗಂಡ ಒಳ್ಳೆಯವರೇ. ಆದರೆ ತಾಯಿಯ ಮುಂದೆ ಅವರ ಒಳ್ಳೆಯತನ ಪಂಚೆಯ ಮಡಿಲಲ್ಲಿ ಕಟ್ಟಿಟ್ಟ ಹಾಗೆ, ಹೊರಗೆ ಬರುತ್ತಿರಲಿಲ್ಲ.

ನನ್ನ ಆಸೆಯೆಲ್ಲ ಮಾವನವರ ಮೇಲಿತ್ತು. ಅವರಿಗೆ ಕೈಯ ಮಾತಿನಲ್ಲಿ ನಂಬಿಕೆಯಿರಲಿಲ್ಲ. ನೀರಿನಲ್ಲೇ ಏನೋ ಇದೆ, ಅದನ್ನು ಸರಿಯಾಗಿ ನೋಡಬೇಕು ಎನ್ನುತ್ತಿದ್ದರು. ಹೇಗೆ ನೋಡುವುದು ಎಂಬುದಕ್ಕೇ ಮನೆಯಲ್ಲಿ ಒಂದು ಜಗಳವಾಯಿತು. ನಾಲಿಗೆಗೆ ಮಿಗಿಲಾದ ತಕ್ಕಡಿ ಇಲ್ಲ ಎಂದು ಅವರು ಪೆಟ್ಟಿಗೆಯ ನೀರಿಗೆ ಬೆರಳದ್ದಿ ಬಾಯಿಗೆ ಒಯ್ದರು. ಅತ್ತೆಯವರು ಓಡಿಬಂದು ಆ ಕೈ ಹಿಡಿದುಕೊಂಡರು.

"ಕೊರಳಾಗೆ ಲಿಂಗ ಕಟ್ಕಂಡು ಮೀನ್ ತೊಳ್ದ ನೀರ್ ಕುಡೀತೀರಾ? ಕುಡುದ್ರೆ ನಾನು ಈ ಮನೇಲಿ ಅಡ್ಗೆ ಮಾಡಾಕಿಲ್ಲ."

ನಾಲಿಗೆಯ ದಾರಿ ಅಲ್ಲಿಗೆ ಮುಚ್ಚಿತು. ಆಗ ಮಾವನವರು ಆಸ್ಪತ್ರೆಯ ಕಾಂಪೌಂಡರನ್ನು ಕರೆಸಿದರು. ಆತನ ಹತ್ತಿರ ಸಣ್ಣ ಸಣ್ಣ ನೀಲಿ ಕಾಗದಗಳಿದ್ದವು. ಹುಳಿ ಸೋಕಿದರೆ ಅದು ಕೆಂಪಾಗುತ್ತದೆ, ಮನುಷ್ಯರ ಮಾತಿಗೆ ಬಗ್ಗುವುದಿಲ್ಲ ಎಂದು ಆತ ಹೇಳಿದ. ಮಾವನವರಿಗೆ ಬಹಳ ಸಮಾಧಾನವಾಯಿತು. ನನಗೂ ಅಷ್ಟೇ. ಬಾಗಿಲ ಸಂದಿಯಲ್ಲಿ ನಿಂತು, ಕಾಗದವೇ, ನೀನಾದರೂ ನ್ಯಾಯ ಹೇಳು ಎಂದುಕೊಂಡೆ.

ಆಸ್ಪತ್ರೆಯ ಮನುಷ್ಯ ಮನೆಗೆ ಬಂದಿದ್ದಾನೆ ಎಂದರೆ ಅತ್ತೆಯವರು ಮನೆಯ ಮರ್ಯಾದೆ ಬಿಡುವರೇ? ಅಂದು ತಾನೇ ಬೆಳಗಿದ್ದ, ಸೂರ್ಯನ ಹಾಗೆ ಹೊಳೆಯುವ ಚೆಂಬಿನಲ್ಲಿ ಬಾವಿಯ ನೀರು ತುಂಬಿಸಿ ತಂದಿಟ್ಟರು. ಕಾಂಪೌಂಡರು ಕಾಗದ ಅದ್ದಿದ. ತುದಿ ಕೆಂಪಾಯಿತು.

"ನೀರು ಹುಳಿ ಸಾವ್ಕಾರ್ರೇ. ಸಂದೇಹನೇ ಇಲ್ಲ."

"ಬಾವಿ ನೀರೇ ಕೆಟ್ಟದಾ ಅಂಗಾರೆ?" ಎಂದರು ಮಾವನವರು.

ಅತ್ತೆಯವರು ಒಳಗಿನಿಂದಲೇ ಕೇಳಿದರು: "ಅದೇ ಬಾವೀಲಿ ಪಕ್ಕದ್ ಮನೆಯೋರೂ ಸೇದ್ತಾರೆ. ಅವ್ರ ಹಾಲು ಒಡೀತದಾ? ನಮ್ ನೀರ್ ಸೇದೋರ್ ಯಾರು, ಅದ್ನ ಏಳ್ರಿ."

ಕಾಂಪೌಂಡರು ನಕ್ಕು, ಅದೆಲ್ಲ ನಿಮ್ಮ ಮನೆಯ ವಿಷಯ ಎಂದು ಎದ್ದ. ಮಾವನವರು ನನ್ನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದರು. ಅತ್ತೆಯ ಬೈಗುಳ ನನ್ನನ್ನು ಅಷ್ಟು ನೋಯಿಸಿರಲಿಲ್ಲ. ಕಾಗದವೂ ಅತ್ತೆಯ ಪಕ್ಷ ಸೇರಿತಲ್ಲ ಎಂದು ಹಿತ್ತಲ ಬಾವಿಯ ಕಟ್ಟೆಗೆ ಹಣೆಯಿಟ್ಟು ಅತ್ತುಬಿಟ್ಟೆ. ನನ್ನ ಕೈಯನ್ನು ನಾನೇ ಮೂಸಿ ನೋಡಿಕೊಂಡೆ. ಬೆಳಗಿದ ದಿನವಲ್ಲವೇ, ಹುಣಸೆಯ ವಾಸನೆಯೇ ಬಂತು. ನನಗೂ ನಂಬಿಕೆ ಬಂದುಬಿಟ್ಟಿತು.

ಶ್ರಾವಣ ಕಳೆಯಲಿ, ಆಮೇಲೆ ಬಾಗೂರಿಗೆ ಹೇಳಿಕಳಿಸಿ ಇವಳ ಅಪ್ಪನನ್ನು ಕರೆಸೋಣ ಎಂಬಲ್ಲಿಗೆ ಮಾತು ಬಂತು.

ಅಷ್ಟರಲ್ಲಿ ನಾದಿನಿ ಮೊದಲ ಕೂಸನ್ನು ಎತ್ತಿಕೊಂಡು ತವರಿಗೆ ಬಂದರು. ಕೂಸು ಹೊಸ್ತಿಲು ದಾಟುವ ಮುಂಚೆ ಆರತಿ ಆಗಬೇಕು. ಓಕುಳಿ ಕಲಸು ಎಂದರು ನನಗೆ. ಅರಿಸಿನಕ್ಕೆ ಸುಣ್ಣ ಬೆರೆಸಿ ನೀರು ಹಾಕಿದರೆ ರಕ್ತದ ಹಾಗೆ ಕೆಂಪಾಗುತ್ತದಲ್ಲ, ಅದು. ಅಡಿಗೆಮನೆಯ ಕಲ್ಲಿನ ಮರಿಗೆಯಲ್ಲಿ ಕಲಸಿದೆ. ಒಳ್ಳೆ ಕೆಂಪು ಬಂತು. ಹಾಗೇ ಎತ್ತಿಕೊಂಡು ಹೊರಟರೆ ಅತ್ತೆಯವರು ತಡೆದರು.

"ಅಯ್ಯೋ ನಿನ್ನ! ತಾಮ್ರದೋರ ಮನೆ ಬಾಗ್ಲಾಗೆ ಕಲ್ ಮರಿಗೆ ಹಿಡ್ಕಂಡ್ ನಿಂತ್ಕತೀಯಾ? ಚೆಂಬಿಗೆ ಉಯ್ಕ, ಬಾಗ್ಲಲ್ಲಿ ತಟ್ಟೆಗೆ ಬಗ್ಸುವೆಯಂತೆ."

ಬೆಳಗಿಟ್ಟ ಚೆಂಬಿಗೆ ಸುರಿದುಕೊಂಡೆ. ಬಾಗಿಲಿಗೆ ಹೋಗಿ ಎಲ್ಲರೆದುರಿಗೆ ತಟ್ಟೆಗೆ ಬಗ್ಗಿಸಿದೆ. ಬಿದ್ದದ್ದು ಕೆಂಪಲ್ಲ. ಹಳದಿ. ಬರಿ ಅರಿಸಿನದ ನೀರಿನ ಹಾಗೆ ಪೇಲವವಾದ ಹಳದಿ.

ಯಾರೋ ಮುದುಕಿ, "ಆರ್ತಿ ಬಣ್ಣ ಬಿಡ್ತಲ್ಲವ್ವಾ, ಕೂಸಿನ್ ಮುಂದೆ!" ಎಂದಳು. ಅತ್ತೆಯವರ ಕೈ ನನ್ನ ಕೆನ್ನೆಗೆ ಬಿತ್ತು. ಅಷ್ಟು ಜನರ ಮುಂದೆ, ಕೂಸು ಹೊತ್ತ ನಾದಿನಿಯ ಮುಂದೆ.

ಏಟಿನ ಉರಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಒಳಗೆ ಹೋದರೆ, ಒಲೆಯ ಪಕ್ಕದ ಮರಿಗೆಯಲ್ಲಿ ತಳಕ್ಕೆ ಅಂಟಿದ್ದ ಓಕುಳಿ ಇನ್ನೂ ಕೆಂಪಗೇ ಇತ್ತು. ಎರಡನ್ನೂ ಮುಟ್ಟಿದ್ದು ಇದೇ ಕೈ. ಸೇದಿದ್ದು ಇದೇ ಬಾವಿ. ಬೇರೆಯಾದದ್ದು ಚೆಂಬೊಂದೇ.

ಮಧ್ಯಾಹ್ನ ಎಲ್ಲರೂ ಉಂಡು ಒರಗಿದಾಗ ಚೆಂಬಿನ ಕೊರಳೊಳಗೆ ಕಡ್ಡಿ ಹಾಕಿ ಕೆರೆದೆ. ಹುಣಸೆಯ ನಾರು ಬಂತು, ಕಂದು ಕಂದಾಗಿ. ಮರಿಗೆಯ ಕೆಂಪಿಗೆ ಅದನ್ನು ಅದ್ದಿದೆ. ಅದ್ದಿದ ಕಡೆ ಹಳದಿ ಹರಡಿತು. ಹೊಳೆಗೆ ಹೋಗಿ, ಹರಿಯುವ ನೀರಿನಲ್ಲಿ ಹುಳಿ ಹೋಗುವವರೆಗೆ ಜಾಲಿಸುತ್ತಿದ್ದ ಆ ಹೆಂಗಸು ನೆನಪಾದಳು. ಕೂಗಿಕೊಳ್ಳೋಣ ಎನ್ನಿಸಿತು. ಯಾರ ಹತ್ತಿರ ಕೂಗಲಿ?

ಗಂಡ ಬಚ್ಚಲಿಗೆ ಬಂದಾಗ ಅಡ್ಡ ನಿಂತೆ.

"ಆ ಕಾಗದದೋರ್ನ ಇನ್ನೊಂದ್ ಕಿತ ಕರ್ಸಿ. ನೀರ್ನ ತೆಂಗಿನ್ ಕರಟದಲ್ಲೂ ಹಿಡ್ದು ನೋಡ್ಸಿ, ಚೆಂಬಲ್ಲೂ ಹಿಡ್ದು ನೋಡ್ಸಿ."

"ನಿಂಗ್ ತಲೆ ಕೆಟ್ಟದಾ? ಕರಟದಲ್ಲಿ ನೀರ್ ಕೊಟ್ರೆ ಆವಯ್ಯ ಏನ್ ತಿಳ್ಕಂಡಾನು?"

"ಏನಾರಾ ತಿಳ್ಕಳ್ಲಿ. ನನ್ನ ಬಾಗೂರಿಗೆ ಗಾಡಿ ಅತ್ಸೋಕ್ ಮುಂಚೆ ಇದೊಂದ್ ಮಾಡ್ಸಿ. ಆಮೇಲೆ ನಾನೇ ನಡ್ಕಂಡ್ ಓಯ್ತೀನಿ."

ಅವರು ತಾಯಿಗೆ ಹೇಳಲಿಲ್ಲ, ತಂದೆಗೆ ಹೇಳಿದರು. ಅಷ್ಟಾದರೂ ಮಾಡಿದರು. ಅದನ್ನು ನಾನು ಇವತ್ತಿಗೂ ಅವರ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ.

ಕಾಂಪೌಂಡರು ಗೊಣಗಿಕೊಂಡೇ ಬಂದ. "ಸಾವ್ಕಾರ್ರೇ, ನಿಮ್ ಬಾವಿಗೆ ಜ್ವರ ಬಂದದಾ ಏನು, ಪದೇಪದೇ ನೋಡೋಕೆ?" ಎಂದ. ಈ ಸಲ ಬಾವಿಯ ಹಗ್ಗಕ್ಕೆ ಮಾವನವರೇ ಕೈ ಹಾಕಿದರು. ನಾನು ಎರಡು ಮಾರು ದೂರ ನಿಂತಿದ್ದೆ. ಬಕೆಟ್ಟಿನಿಂದ ಕರಟಕ್ಕೆ ಸ್ವಲ್ಪ, ಚೆಂಬಿಗೆ ಸ್ವಲ್ಪ. ಕರಟದಲ್ಲಿ ಅದ್ದಿದ ಕಾಗದ ನೀಲಿಯಾಗೇ ಉಳಿಯಿತು. ಚೆಂಬಿನಲ್ಲಿ ಅದ್ದಿದ್ದು ಕೆಂಪಾಯಿತು. ಹಂಡೆಯ ತಳದಲ್ಲಿದ್ದ ನೀರಿಗೆ ಅದ್ದಿದರು. ಅದೂ ತುಸು ಕೆಂಪಿಗೆ ತಿರುಗಿತು.

"ಹೋ, ಪಾತ್ರೇದೇ ಹುಳಿ" ಎಂದ ಕಾಂಪೌಂಡರು.

ಮಾವನವರು ಚೆಂಬನ್ನು ತಿರುಗಿಸಿ ಒಳಗೆ ಬೆರಳಾಡಿಸಿ, ಮೂಸಿ ನೋಡಿದರು. ಅವರ ಮುಖದಲ್ಲಿ ಅರ್ಥವಾದದ್ದು ಕಾಣಿಸಿತು. ನನ್ನ ಎದೆ ಹೂವಿನ ಹಾಗೆ ಹಗುರಾಯಿತು. ಇನ್ನೊಂದೇ ಬಾಕಿ: ನನ್ನ ಕೈಯನ್ನು ಆ ಕರಟದ ನೀರಿಗೆ ಅದ್ದಿ, ಕಾಗದ ಹಾಕಿ ನೋಡಿಬಿಟ್ಟರೆ ಮುಗಿಯಿತು. ಚೆನ್ನಾಗಿ ತೊಳೆದುಕೊಂಡು ಬಂದಿದ್ದೆ. ಯಾರೂ ಹೇಳದಿದ್ದರೂ ಮುಂದೆ ಬಂದು ಕೈ ಚಾಚಿದೆ.

ಅತ್ತೆಯವರು ಅಡ್ಡ ಬಂದರು. ಸೋತವರ ಮುಖವಲ್ಲ ಅವರದು.

"ಪಾತ್ರೆ ಹುಳಿ ಅಂತೀರಲ್ಲ, ಆ ಪಾತ್ರೆ ತಿಕ್ಕಿದ್ ಕೈ ಯಾರ್ದು? ನನ್ ಕಾಲ್ದಾಗೂ ಇದೇ ಚೆಂಬಿತ್ತು, ಇದೇ ಹುಣಸೇಹಣ್ಣಿತ್ತು. ಆಗ್ ಯಾಕ್ ಹುಳಿ ಆಗ್ಲಿಲ್ಲ?"

ಹೊಳೆಗೆ ಹೋಗುತ್ತಿದ್ದ ಹೆಂಗಸಿನ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಬಾನಿಯಲ್ಲಿ ಒಂದೇ ಸಲ ಅದ್ದಿ ಎತ್ತು ಎಂದವರು ಯಾರು ಎಂಬುದೂ ಬಂತು. ಹೇಳಲಿಲ್ಲ. ಹೇಳಲು ಮಾವನವರ ಮುಖ ನೋಡಿದೆ. ಅವರು ನನ್ನನ್ನಲ್ಲ, ಕಾಂಪೌಂಡರನ್ನು ನೋಡುತ್ತಿದ್ದರು. ಆಸ್ಪತ್ರೆಗೆ ನಾಲ್ಕೂರಿನ ಜನ ಬರುತ್ತಾರೆ. ಆ ಅಂಗಡಿಯವರ ತಾಮ್ರ ನೀರನ್ನು ಹುಳಿ ಮಾಡುತ್ತದೆ ಎಂದು ಆತ ಒಂದು ಮಾತು ಆಡಿದರೆ ಸಾಕು.

"ಸರಿ ಬುಡ್ರಿ, ಗೊತ್ತಾಯ್ತಲ್ಲ" ಎಂದರು ಮಾವನವರು. "ಹೆಣ್ಮಕ್ಕಳು ತಿಕ್ಕೋವಾಗ ಎಚ್ಚುಕಮ್ಮಿ ಮಾಡವ್ರೆ. ಪಾತ್ರೇದು ಏನೂ ದೋಷ ಇಲ್ಲ."

ಕಾಂಪೌಂಡರು ಕಾಗದದ ಡಬ್ಬಿ ಮುಚ್ಚಿದ. ನನ್ನ ಕೈ ಚಾಚಿದ ಹಾಗೇ ಇತ್ತು. ಕರಟದ ನೀರನ್ನು ಯಾರೋ ಬಾಳೆಯ ಬುಡಕ್ಕೆ ಚೆಲ್ಲಿದರು.

ಸಂಜೆ ಮಾವನವರು ನನ್ನನ್ನು ಜಗಲಿಯ ಒಳಬಾಗಿಲಿಗೆ ಕರೆದರು. ದನಿ ಮೆತ್ತಗಿತ್ತು.

"ಮಗಾ, ಅರಕಲಗೂಡಿನ್ ಮಾತು ಇಲ್ಲಿಗ್ ಮುಗೀತು. ನೀನು ಎಲ್ಲಿಗೂ ಓಗಾಕಿಲ್ಲ. ಅದ್ನ ನಾನ್ ನೋಡ್ಕತೀನಿ. ಆದ್ರೆ ಚೆಂಬಿನ್ ವಿಚಾರ ಈ ಹೊಸ್ಲು ದಾಟ್ಬಾರ್ದು. ಅಂಗಡಿ ಎಸ್ರು ಅದು. ನಿಂಗೇನು, ಮನೆ ಒಳಗಿರೋಳು, ನಾಕ್ ದಿನ ಅಂತಾರೆ, ಮರ್ತ್ಕತಾರೆ."

ತಲೆಯಾಡಿಸಿದೆ. ಬೇರೇನು ಮಾಡಲಿ? ತಾಮ್ರಕ್ಕೆ ಹೆಸರು ಕೆಡಬಾರದು, ಅದಕ್ಕೆ ಬೆಲೆಯಿದೆ. ನನ್ನ ಕೈಗೆ ಹೆಸರು ಕೆಟ್ಟರೆ ಯಾರ ವ್ಯಾಪಾರ ನಿಲ್ಲುತ್ತದೆ?

ಹೊಳೆಗೆ ಹೋಗುವ ಹೆಂಗಸು ಮತ್ತೆ ಕೆಲಸಕ್ಕೆ ಬಂದಳು. ಹಾಲು ಒಡೆಯುವುದು ನಿಂತಿತು. ಇವಳನ್ನು ತಿಕ್ಕುವುದಕ್ಕೆ ಬಿಡದ ಮೇಲೆ ಎಲ್ಲ ಸರಿಹೋಯಿತು ನೋಡಿ ಎಂದು ಅತ್ತೆಯವರು ಅದನ್ನೂ ನನ್ನ ಕೈಯ ಮೇಲೇ ಹಾಕಿದರು. ಮೀನುಗಳೆಲ್ಲ ಅಷ್ಟರಲ್ಲಿ ಮುಗಿದಿದ್ದವು. ಮಾವನವರು ಮತ್ತೆ ತರಲಿಲ್ಲ. ಗಾಜಿನ ಪೆಟ್ಟಿಗೆಯನ್ನು ಅಂಗಡಿಗೆ ಒಯ್ದು, ಅದರಲ್ಲಿ ಹಿತ್ತಾಳೆಯ ಸಣ್ಣ ದೀಪಗಳನ್ನು ಜೋಡಿಸಿಟ್ಟರು. ಚೆನ್ನಾಗಿ ಹೊಳೆಯುತ್ತಿದ್ದವಂತೆ. ನಾನು ನೋಡಲು ಹೋಗಲಿಲ್ಲ. ಬೆಳಿಗ್ಗೆ ಅವರು ಕೂರುತ್ತಿದ್ದ ಜಾಗದಲ್ಲಿ ಆಮೇಲೆ ಯಾರೂ ಕೂರಲಿಲ್ಲ.

ನಾಕು ದಿನದ ಮಾತು ಎಂದಿದ್ದರು ಮಾವನವರು. ಅವರು ಹೋದರು, ಮಾತು ಹೋಗಲಿಲ್ಲ. ಬೀದಿಯ ಹೆಂಗಸರು, "ಬಾರೇ ಹುಳಿ ಕೈಯೋಳೇ, ನಮ್ ಮಜ್ಜಿಗೆ ಕಡೆ ಮಾತ್ರ ನೋಡ್ಬ್ಯಾಡ ಕಣೇ" ಎಂದು ನಗುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು, ಅದೇ ಹೆಚ್ಚು ಚುಚ್ಚುತ್ತಿತ್ತು. ನನ್ನ ಮಗನ ಮದುವೆಯಲ್ಲಿ ಮಿಡಿ ಉಪ್ಪಿನಕಾಯಿ ಹಾಕುವಾಗ ನನ್ನ ವಾರಗಿತ್ತಿ ಬಂದು ಭರಣಿಗೆ ಅಡ್ಡ ನಿಂತಳು. ಅತ್ತೆಯವರು ಕಣ್ಣು ಮುಚ್ಚಿದ ಮೇಲಾದರೂ ನಾನು ಹಾಕಬಹುದಿತ್ತು, ಬೇಡ ಎನ್ನುವವರು ಯಾರಿದ್ದರು? ಆದರೆ ಭರಣಿಯ ಬಾಯಿಗೆ ಕೈ ಹೋದರೆ ಹಾಗೇ ಹಿಂದಕ್ಕೆ ಬರುತ್ತಿತ್ತು. ಮೊಸರಿಗೆ ಹೆಪ್ಪು ಹಾಕಲು ಸೊಸೆಯನ್ನು ಕೂಗುತ್ತಿದ್ದೆ, ಅವಳಿಲ್ಲದಿದ್ದರೆ ಪಕ್ಕದ ಮನೆಯ ಹುಡುಗಿಯನ್ನು. ಹುಳಿ ಚೆಂಬಿನದು ಎಂದು ನನಗೆ ಗೊತ್ತು. ಕಣ್ಣಾರೆ ಕಂಡಿದ್ದೇನೆ. ಆದರೂ ಆ ಕಡೆಯ ಕಾಗದ ಅದ್ದಲಿಲ್ಲವಲ್ಲ. ಒಂದು ವೇಳೆ ಅದ್ದಿದ್ದರೆ ಕೆಂಪೇ ಆಗುತ್ತಿತ್ತೋ ಏನೋ ಎಂಬ ಹುಳ ಒಳಗೆ ಕೂತು ಕೊರೆಯುತ್ತಲೇ ಇತ್ತು. ಬುದ್ಧಿಗೆ ಗೊತ್ತಿದ್ದದ್ದನ್ನು ಕೈ ಒಪ್ಪಲಿಲ್ಲ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಮೀನಿಗೆ ಊಟ ಹಾಕು ಎಂದಾಗಲೆಲ್ಲ ನಾನು ಬೆರಳು ನೀರಿಗೆ ತಾಗದ ಹಾಗೆ ಮೇಲಿನಿಂದ ಉದುರಿಸುತ್ತಿದ್ದದ್ದು ಯಾಕೆ ಎಂದು ಅವಳಿಗೆ ಆಗ ತಿಳಿಯಿತು.

ಆಮೇಲೆ ಹೇಳಿದಳು: "ಅಜ್ಜಿ, ಮೀನು ಸತ್ತಿದ್ದು ಬರೀ ಹುಳಿಯಿಂದ ಆಗಿರೋಲ್ಲ. ಹುಳಿ ತಾಮ್ರಾನ ನೀರಿಗೆ ಬಿಡಿಸುತ್ತೆ. ಮೀನಿಗೆ ತಾಮ್ರನೇ ವಿಷ."

ತಾಮ್ರವೇ ವಿಷ! ಯಾವುದರ ಮಾನ ಉಳಿಸಲು ನನ್ನ ಮಾನ ಕೊಟ್ಟರೋ ಅದೇ. ನಗು ಬಂತು. ಕಣ್ಣಲ್ಲಿ ನೀರೂ ಬಂತು. ಪಾಪ, ಮಾವನವರು ತಮ್ಮ ಅಂಗಡಿಯ ಹಂಡೆಯಲ್ಲೇ ತಮ್ಮ ಮೀನಿಗೆ ವಿಷ ತುಂಬಿಸಿಟ್ಟರು, ಪ್ರೀತಿಯಿಂದ.

"ಹಂಗಾದ್ರೆ ನಿಲ್ಲು" ಎಂದು ಮೊಮ್ಮಗಳು ಎದ್ದಳು. "ಅವತ್ತು ಬಿಟ್ಟಿದ್ದನ್ನ ಇವತ್ತು ಮಾಡೋಣ."

ಮೂರರಲ್ಲಿ ಯಾವುದು ಎಂದು ಅವಳೇ ತೀರ್ಮಾನಿಸಿದಳು. ಕಾಗದ ಬೇಡ, ಅದರ ಬಣ್ಣದಲ್ಲಿ ಸಣ್ಣ ಹೆಚ್ಚುಕಮ್ಮಿ ಕಾಣುವುದಿಲ್ಲ. ಮಿಷನ್ನಿಗೆ ಮೊದಲು ಹುಳಿ ಎಷ್ಟೆಂದು ಗೊತ್ತಿರುವ ನೀರಿನಲ್ಲಿ ಅದ್ದಿ ಪಾಠ ಹೇಳಿಕೊಡಬೇಕು, ಇಲ್ಲದಿದ್ದರೆ ಧೈರ್ಯವಾಗಿ ಸುಳ್ಳು ಹೇಳುತ್ತದೆ. ಗೆಳತಿ ಆ ಪಾಠದ ನೀರನ್ನು ಕೊಟ್ಟಿರಲಿಲ್ಲ. ಉಳಿದದ್ದು ಹನಿಯ ಔಷಧ. ಸಣ್ಣ ಗಾಜಿನ ಕೊಳವೆಗಳನ್ನು ಎತ್ತಿಕೊಂಡಳು.

"ಮೊದ್ಲು ಅದೇ ನೀರಲ್ಲಿ ಜಾಲ್ಸು" ಎಂದೆ.

"ಗೊತ್ತಮ್ಮಾ ತಾಯಿ" ಎಂದು ನಕ್ಕು, ಜಾಲಿಸಿ ಚೆಲ್ಲಿ, ಮತ್ತೆ ಜಾಲಿಸಿದಳು. ಒಂದರಲ್ಲಿ ಮೀನುಪೆಟ್ಟಿಗೆಯ ನೀರು ಹಿಡಿದು ಪಕ್ಕಕ್ಕಿಟ್ಟಳು. ಗಾಜಿನ ಬೋಗುಣಿಗೆ ಅದೇ ನೀರು ತುಂಬಿ, ತೊಳೆದ ನನ್ನ ಬಲಗೈಯನ್ನು ಮಣಿಕಟ್ಟಿನವರೆಗೆ ಮುಳುಗಿಸಿ ಹಿಡಿದಳು. ನಾನು ಕೈ ಹಿಂದಕ್ಕೆ ಎಳೆದೆ. ಅವಳು ಬಿಡಲಿಲ್ಲ. ಆಮೇಲೆ ಆ ನೀರನ್ನು ಇನ್ನೊಂದು ಕೊಳವೆಗೆ ಹಿಡಿದು,

"ಹನಿ ನೀನೇ ಹಾಕು" ಎಂದಳು.

ಹಾಕಿದೆ. ಎರಡನ್ನೂ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಇದೂ ಎಳೆ ಹಸಿರು, ಅದೂ ಎಳೆ ಹಸಿರು. ಕನ್ನಡಕ ಒರೆಸಿಕೊಂಡು ನೋಡಿದೆ. ಒಂದು ಎಳೆಯಷ್ಟೂ ಬೇರೆಯಿರಲಿಲ್ಲ.

"ಯಾವುದು ನಿನ್ ಕೈ ನೀರು, ಹೇಳು ನೋಡೋಣ" ಎಂದಳು.

ಹೇಳಲಾಗಲಿಲ್ಲ. ಜೀವಮಾನದಲ್ಲಿ ಒಂದು ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಇಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ, ನಕ್ಕುಬಿಟ್ಟೆ. ಸೊಸೆ ಗಾಬರಿಯಿಂದ ಅಡಿಗೆಮನೆಯಿಂದ ಓಡಿಬಂದಳು. ಅವಳಿಗೂ ತೋರಿಸಿದೆ. ಹಾಲು ತಂದ ಹುಡುಗಿಗೂ ತೋರಿಸಿದೆ. ಅವರಿಗೇನು ಗೊತ್ತು, ಹಸಿರು ನೀರು ಎಂದರು.

ಅದು ತಿಳಿಯಬೇಕಾದವರು ಯಾರೂ ಉಳಿದಿಲ್ಲ. ಹಾಲು ಒಡೆಸಿ ತೋರಿಸಿದ ಅತ್ತೆ ಇಲ್ಲ, ಡಬ್ಬಿ ಮುಚ್ಚಿದ ಕಾಂಪೌಂಡರು ಇಲ್ಲ, ಗೊತ್ತಿದ್ದೂ ಬಾಯಿ ಮುಚ್ಚಿಸಿದ ಮಾವನವರಿಲ್ಲ, ಗಂಡನೂ ಇಲ್ಲ. ಹೆಸರಿಟ್ಟವರು ಅದನ್ನು ಬಿಚ್ಚಿ ಕೊಡದೆ ಹೊರಟುಹೋದರು. ನನ್ನ ಕೈ ಸುಕ್ಕಾಯಿತು.

ಇವತ್ತು ಬೆಳಿಗ್ಗೆ ಮೊಮ್ಮಗಳು ಏಳುವ ಮುಂಚೆಯೇ ಮೀನುಪೆಟ್ಟಿಗೆಯ ಮುಂದೆ ಕೂತೆ, ಮಾವನವರು ಕೂರುತ್ತಿದ್ದ ಹಾಗೆ. ಮುಚ್ಚಳ ತೆಗೆದು ಬೆರಳುಗಳನ್ನು ನೀರಿಗೆ ಬಿಟ್ಟೆ. ಒಂದು ಕೆಂಪು ಮೀನು ಬಂದು ಹೆಬ್ಬೆರಳಿಗೆ ಬಾಯಿ ತಾಗಿಸಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಒಳಗೆ ಉಪ್ಪಿನಕಾಯಿಗೆ ಮಾವಿನಮಿಡಿ ತೊಳೆದು ಒರೆಸಿಟ್ಟಿದ್ದೇನೆ. ಉಪ್ಪು ಬೆರೆಸಲು ಯಾರನ್ನೂ ಕೂಗುವುದಿಲ್ಲ.